ರವೆ, ತೊಲೆ ಮತ್ತು ತೀರ್ಪಿನ ಅಧಿಕಾರ

ಬಿಂಕದಕಟ್ಟಿ ಎಂದರೆ ಹೊರಗಿನವರಿಗೆ ಪ್ರಾಣಿ ಸಂಗ್ರಹಾಲಯ ನೆನಪಾಗುತ್ತದೆ, ಮಲ್ಲಸಮುದ್ರ ಎಂದರೆ ವೈದ್ಯಕೀಯ ಕಾಲೇಜು, ಬೆಟಗೇರಿ ಎಂದರೆ ನೇಕಾರರ ಓಣಿಗಳು. ಗದುಗಿನ ಸುತ್ತಲಿನ ಈ ಎರಿಭೂಮಿಯಲ್ಲಿ ಕ್ರೈಸ್ತ ಸಭೆಯ ಇತಿಹಾಸ 1841ರಷ್ಟು ಹಳೆಯದು. ಆ ವರ್ಷ ಬಾಸೆಲ್ ಮಿಷನ್ ಬೆಟಗೇರಿ ಮತ್ತು ಮಲ್ಲಸಮುದ್ರ ಎರಡೂ ಕಡೆ ನೆಲೆ ಹೂಡಿತು. 1834ರಲ್ಲಿ ಮಂಗಳೂರಿಗೆ ಬಂದಿಳಿದ ಮಿಷನ್ 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ ಬಂದಿತ್ತು. ಮುಂದಿನ ಹೆಜ್ಜೆ ಈ ಕಡೆ ಬೀಳಲು ಒಂದು ಕಾರಣವಿತ್ತು. ಕಾಲಜ್ಞಾನವನ್ನು ನಂಬಿದ ಒಂದು ಪಂಥದ ಜನ ಪಾದ್ರಿಗಳ ಬಳಿ ಹೋಗಿ, ತಮ್ಮ ಗ್ರಂಥಗಳು ಬರಲಿದೆ ಎಂದು ಹೇಳಿದ ಹೊಸ ಧರ್ಮ ಇದೇ ಇರಬೇಕು ಎಂದಿದ್ದರು. ಸಾವಿರಾರು ಮಂದಿ ಸಭೆಗೆ ಸೇರುತ್ತಾರೆಂದು ಪಾದ್ರಿಗಳು ಹಿಗ್ಗಿದರು. ಅಂಥವರು ಒಟ್ಟಾಗಿ ನೆಲೆಸಿ ಒಕ್ಕಲುತನ ಮಾಡಲೆಂದು ಮಲ್ಲಸಮುದ್ರದಲ್ಲಿ ವಸಾಹತಿನ ಯೋಜನೆ ಹಾಕಿದರು. ಬಂದು ನೆಲೆಸಿದವರು ತೀರ ಕಡಿಮೆ, ವಸಾಹತು ಕೈಗೂಡಲಿಲ್ಲ.

ಇಂಥ ಸೋಲಿನ ನಂತರ ಬರುವ ಮಾತು ಎಲ್ಲ ಕಡೆಯೂ ಒಂದೇ. ಅವರಿಗೆ ಬೇಕಾಗಿದ್ದು ದೇವರಲ್ಲ, ಹೊಲ ಮತ್ತು ಸರಕಾರದ ಆಸರೆ ಎಂದು ಒಂದು ಕಡೆಯವರು. ಇವರಿಗೆ ಬೇಕಾಗಿದ್ದು ನಮ್ಮ ಕ್ಷೇಮವಲ್ಲ, ತಲೆ ಎಣಿಕೆ ಎಂದು ಇನ್ನೊಂದು ಕಡೆಯವರು. ಎರಡೂ ಮಾತು ಇನ್ನೊಬ್ಬರ ಎದೆಯೊಳಗಿನದನ್ನು ಬಲ್ಲೆವು ಎನ್ನುವ ಮಾತುಗಳೇ. ಸುವಾರ್ತೆಯನ್ನು ಹೊತ್ತು ತಂದವರ ಕೈಯಲ್ಲಿದ್ದ ಪುಸ್ತಕ ಮಾತ್ರ ಆ ವಿಷಯದಲ್ಲಿ ಬಹಳ ಎಚ್ಚರಿಕೆಯ ಮಾತು ಹೇಳುತ್ತದೆ. ಅದನ್ನು ಈ ಸೀಮೆಯ ಅನುಭವದ ಎದುರಿಗಿಟ್ಟು ಓದಬೇಕೆನ್ನುವುದು ಈ ಲೇಖನದ ಉದ್ದೇಶ.

ಮತ್ತಾಯನ ಸುವಾರ್ತೆಯ 5ರಿಂದ 7ನೆಯ ಅಧ್ಯಾಯಗಳಲ್ಲಿ ಪರ್ವತ ಪ್ರಸಂಗವಿದೆ. ತೀರ್ಪಿನ ಮಾತು ಬರುವುದು ಏಳನೆಯ ಅಧ್ಯಾಯದ ಆರಂಭದಲ್ಲಿ. ಇತರರ ಮೇಲೆ ತೀರ್ಪು ಕೊಡಬೇಡಿ, ನೀವು ಅಳೆಯುವ ಕೊಳಗದಿಂದಲೇ ನಿಮಗೂ ಅಳೆದುಕೊಡಲಾಗುತ್ತದೆ ಎನ್ನುತ್ತಾನೆ ಯೇಸು. ತನ್ನ ಕಣ್ಣಿನಲ್ಲಿ ತೊಲೆ ಇಟ್ಟುಕೊಂಡು ಅಣ್ಣತಮ್ಮನ ಕಣ್ಣಿನ ರವೆ ತೆಗೆಯಲು ಹೋಗುವವನ ಚಿತ್ರ ಅದರ ಬೆನ್ನಿಗೇ ಬರುತ್ತದೆ. ಕನ್ನಡದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದವನ ಎಲೆಯ ನೊಣ ಹೊಡೆಯಲು ಹೋಗುವವನನ್ನು ನಮ್ಮ ಗಾದೆ ಎಂದೋ ಗುರುತಿಸಿದೆ. ಯೆಹೂದ್ಯ ಪರಂಪರೆಯಲ್ಲಿಯೂ ಇಂಥ ಮಾತಿದೆ. ಇನ್ನೊಬ್ಬನ ಜಾಗದಲ್ಲಿ ನಿಲ್ಲುವ ತನಕ ಅವನ ಬಗ್ಗೆ ನಿರ್ಣಯ ಮಾಡಬೇಡ ಎಂದು ಯೇಸುವಿಗಿಂತ ಒಂದು ತಲೆಮಾರು ಹಿಂದಿನ ಗುರು ಹಿಲ್ಲೇಲ್ ಹೇಳಿದ್ದಾಗಿ ಆ ಪರಂಪರೆ ನೆನೆಯುತ್ತದೆ. ಕಣ್ಣಿನ ಸಿಬಿರು ಮತ್ತು ತೊಲೆಯ ಹೋಲಿಕೆ ಕೂಡ ತಾಲ್ಮುದಿನಲ್ಲಿ ಸಿಗುತ್ತದೆ. ಯೇಸು ತನ್ನ ಜನರ ಮಾತಿನ ಒಳಗಿದ್ದುಕೊಂಡೇ ಮಾತಾಡಿದ.

ಓದುವವರು ಹೆಚ್ಚಾಗಿ ಬಿಟ್ಟುಬಿಡುವ ಭಾಗ ಮುಂದಿದೆ. ಮೊದಲು ನಿನ್ನ ತೊಲೆಯನ್ನು ತೆಗೆ, ಆಮೇಲೆ ಅವನ ರವೆಯನ್ನು ತೆಗೆಯಲು ನಿನಗೆ ಚೆನ್ನಾಗಿ ಕಾಣುತ್ತದೆ ಎಂದು ಮಾತು ಮುಗಿಯುತ್ತದೆ. ಅಂದರೆ ರವೆ ಅಲ್ಲೇ ಇರಲಿ ಎಂದು ಯೇಸು ಹೇಳಲಿಲ್ಲ. ಕಣ್ಣಿನಲ್ಲಿ ರವೆ ಬಿದ್ದವನಿಗೆ ನೋವಿದೆ, ಅದನ್ನು ತೆಗೆಯಲು ಯಾರಾದರೂ ಬೇಕೇ ಬೇಕು. ಅದೇ ಅಧ್ಯಾಯದಲ್ಲಿ ಮುತ್ತುಗಳನ್ನು ಹಂದಿಗಳ ಮುಂದೆ ಚೆಲ್ಲಬಾರದೆಂಬ ಮಾತೂ ಇದೆ, ಸುಳ್ಳು ಪ್ರವಾದಿಗಳನ್ನು ಅವರ ಫಲದಿಂದ ತಿಳಿಯಬೇಕೆಂಬ ಮಾತೂ ಇದೆ. ಕೃತ್ಯವನ್ನು ನೋಡಿ ಇದು ತಪ್ಪು ಎನ್ನುವುದಕ್ಕೆ ಇಲ್ಲಿ ನಿಷೇಧವಿಲ್ಲ. ನಿಷೇಧವಿರುವುದು ಮನುಷ್ಯನ ಒಳಗನ್ನು ಅಳೆದು, ಇವನು ಇಷ್ಟೇ ಎಂದು ಮುಚ್ಚಿ ಬಿಡುವುದಕ್ಕೆ. ಹಾಗೆ ಮುಚ್ಚುವ ಅಧಿಕಾರ ಯಾರಲ್ಲಿದೆ, ಅದರಿಂದ ಯಾರು ಏನು ಕಳೆದುಕೊಳ್ಳುತ್ತಾರೆ ಎಂದು ಕೇಳದೆ ಈ ಬೋಧೆಯನ್ನು ಓದಲಾಗದು ಎಂಬುದು ನನ್ನ ನಿಲುವು.

ಕಪಟದ ಬಗ್ಗೆ ಆರನೆಯ ಅಧ್ಯಾಯ ಹೇಳುವುದೂ ಇದಕ್ಕೆ ಹೊಂದಿಕೊಂಡೇ ಇದೆ. ದಾನ, ಪ್ರಾರ್ಥನೆ, ಉಪವಾಸ ಮೂರನ್ನೂ ಜನರ ಕಣ್ಣಿಗೆ ಬೀಳಲೆಂದು ಮಾಡುವವರನ್ನು ಯೇಸು ಕಪಟಿಗಳೆಂದು ಕರೆಯುತ್ತಾನೆ. ಮೂರೂ ಒಳ್ಳೆಯ ಕೆಲಸಗಳೇ, ಮಾಡುವವರೂ ಮಾಡಿದ್ದು ನಿಜವೇ. ಲೂಕನು ಹೇಳುವ ಸಾಮ್ಯದಲ್ಲಿ ದೇವಾಲಯಕ್ಕೆ ಬಂದ ಫರಿಸಾಯ ಸುಳ್ಳು ಹೇಳುವುದಿಲ್ಲ. ವಾರಕ್ಕೆ ಎರಡು ಸಲ ಉಪವಾಸ ಮಾಡುವವನು, ಗಳಿಕೆಯಲ್ಲಿ ಹತ್ತರಲ್ಲೊಂದು ಪಾಲು ಕೊಡುವವನು ಅವನು. ಅವನ ಪ್ರಾರ್ಥನೆ ಕೆಟ್ಟಿದ್ದು ಹಿಂದೆ ನಿಂತ ಸುಂಕದವನ ಕಡೆಗೆ ಕಣ್ಣು ಹಾಯಿಸಿದ ಗಳಿಗೆಯಲ್ಲಿ. ಭಕ್ತಿಗೆ ಒಬ್ಬ ಕೀಳು ಮನುಷ್ಯ ಬೇಕಾದಾಗ ಅದು ಕಪಟವಾಗುತ್ತದೆ ಎಂಬ ಈ ಒಳನೋಟ ಬಹಳ ಸೂಕ್ಷ್ಮವಾದದ್ದು. ಭಾನುವಾರ ತಪ್ಪದೆ ಚರ್ಚಿಗೆ ಹೋಗುವವರನ್ನೂ ಸೋಮವಾರ ತಪ್ಪದೆ ಗುಡಿಗೆ ಹೋಗುವವರನ್ನೂ ಅದು ಒಂದೇ ಸಮನೆ ತಾಕುತ್ತದೆ.

ಯೇಸುವಿನ ನಂತರದ ಸಭೆಗೆ ಈ ಬೋಧೆಯನ್ನು ನಡೆಸಿಕೊಂಡು ಹೋಗುವುದು ಕಷ್ಟವಾಯಿತು. ಸಭೆ ಎಂದ ಮೇಲೆ ನಿಯಮ ಬೇಕು, ನಿಯಮವೆಂದ ಮೇಲೆ ಮೀರಿದವರಿಗೆ ಏನು ಮಾಡಬೇಕೆಂಬ ಪ್ರಶ್ನೆ ಬರುತ್ತದೆ. ಕೊರಿಂಥದ ಸಭೆಯಲ್ಲಿ ಮಲತಾಯಿಯೊಡನೆ ಸಂಸಾರ ಮಾಡುತ್ತಿದ್ದವನನ್ನು ಹೊರಗಿಡಬೇಕೆಂದು ಪೌಲ ಬರೆದ. ಅದೇ ಪತ್ರದಲ್ಲಿ, ಹೊರಗಿನವರಿಗೆ ತೀರ್ಪು ಮಾಡುವುದು ನನ್ನ ಕೆಲಸವಲ್ಲ, ಒಳಗಿನವರದು ಮಾತ್ರ ನಮಗೆ ಸೇರಿದ್ದು ಎಂದೂ ಹೇಳಿದ. ಇದನ್ನು ನೆನಪಿಡಬೇಕು, ಏಕೆಂದರೆ ಮುಂದಿನ ಶತಮಾನಗಳು ಇದನ್ನು ತಿರುಗು ಮುರುಗು ಮಾಡಿದವು. ರೋಮಾಪುರದವರಿಗೆ ಬರೆದ ಪತ್ರದ 14ನೆಯ ಅಧ್ಯಾಯದಲ್ಲಿ ಅವನು ಊಟದ ಜಗಳವನ್ನು ಕೈಗೆತ್ತಿಕೊಂಡ. ಎಲ್ಲವನ್ನೂ ತಿನ್ನುವವನು ಕಾಯಿಪಲ್ಲೆ ಮಾತ್ರ ತಿನ್ನುವವನನ್ನು ಹೀಯಾಳಿಸಬಾರದು, ತಿನ್ನದವನು ತಿನ್ನುವವನಿಗೆ ತೀರ್ಪು ಹೇಳಬಾರದು ಎಂದು ಎರಡು ತಪ್ಪುಗಳನ್ನು ಬೇರೆ ಬೇರೆ ಮಾಡಿ ತೋರಿಸಿದ. ತಾಟಿನಲ್ಲಿರುವುದನ್ನು ನೋಡಿ ಮನುಷ್ಯನ ಬೆಲೆ ಕಟ್ಟುವ ನಮ್ಮ ನಾಡಿನಲ್ಲಿ ಈ ಅಧ್ಯಾಯವನ್ನು ಕ್ರೈಸ್ತರಲ್ಲದವರೂ ಓದಬೇಕು.

ನಾಲ್ಕನೆಯ ಶತಮಾನದಲ್ಲಿ ಈಜಿಪ್ಟಿನ ಸ್ಕೇತಿಸ್ ಮರುಭೂಮಿಯಲ್ಲಿದ್ದ ಮೋಸೆ ಎಂಬ ಸನ್ಯಾಸಿಯ ಕಥೆಯನ್ನು ಪರಂಪರೆ ಉಳಿಸಿಕೊಂಡು ಬಂದಿದೆ. ಮೊದಲು ದರೋಡೆಕೋರನಾಗಿದ್ದವನು ಅವನು. ಸನ್ಯಾಸಿ ತಮ್ಮನೊಬ್ಬನ ತಪ್ಪನ್ನು ವಿಚಾರಿಸಲು ಕೂಡಿದ್ದ ಸಭೆಗೆ ಕರೆದಾಗ ತೂತುಬಿದ್ದ ಪಾತ್ರೆಯಲ್ಲಿ ನೀರು ತುಂಬಿ ಬೆನ್ನ ಮೇಲೆ ಹೊತ್ತು ಬಂದನಂತೆ. ಏನಿದು ಎಂದರೆ, ನನ್ನ ತಪ್ಪುಗಳು ನನಗೆ ಕಾಣದಂತೆ ಹಿಂದೆ ಸುರಿಯುತ್ತಿವೆ, ನಾನು ಇನ್ನೊಬ್ಬನ ವಿಚಾರಣೆಗೆ ಬಂದಿದ್ದೇನೆ ಎಂದ. ಸಭೆ ಆ ತಮ್ಮನನ್ನು ಕ್ಷಮಿಸಿತು.

ಸಾಮ್ರಾಜ್ಯದೊಡನೆ ಸೇರಿಕೊಂಡ ಸಭೆಗೆ ಅಷ್ಟು ಸರಳತೆ ಉಳಿಯಲಿಲ್ಲ. ಉತ್ತರ ಆಫ್ರಿಕಾದಲ್ಲಿ ಹಿಂಸೆಯ ಕಾಲಕ್ಕೆ ಹೆದರಿ ಧರ್ಮಗ್ರಂಥ ಒಪ್ಪಿಸಿದವರಿಗೆ ಗುರುಪದವಿ ಇರಬಾರದೆಂದು ದೊನಾತನ ಕಡೆಯವರು ಪಟ್ಟು ಹಿಡಿದರು. ಅವರ ಎದುರಿಗೆ ಹಿಪ್ಪೋದ ಬಿಷಪ್ ಅಗಸ್ಟೀನ ಗೋದಿ ಮತ್ತು ಹಣಜಿಯ ಸಾಮ್ಯವನ್ನು ಎತ್ತಿದ. ಸುಗ್ಗಿಯ ತನಕ ಎರಡೂ ಒಟ್ಟಿಗೆ ಬೆಳೆಯಲಿ, ಈಗಲೇ ಕೀಳಹೋದರೆ ಗೋದಿಯೂ ಕಿತ್ತುಬರುತ್ತದೆ ಎಂದ. ಎಷ್ಟು ಔದಾರ್ಯದ ಮಾತು ಇದು. ಆದರೆ ಅದೇ ಅಗಸ್ಟೀನ ಮುಂದೆ ದೊನಾತನ ಕಡೆಯವರ ಮೇಲೆ ರಾಜಬಲ ಪ್ರಯೋಗಿಸುವುದನ್ನು ಒಪ್ಪಿಕೊಂಡ. ಸುಗ್ಗಿಯ ತನಕ ಕಾಯುವ ತಾಳ್ಮೆ ತನ್ನ ಸಭೆಗೆ ಬೇಕಿತ್ತು, ಎದುರಿನವರಿಗೆ ಸಿಗಲಿಲ್ಲ. ಕಾಲ್ವಿನನ ಜಿನೀವಾದಲ್ಲಿ ಹಿರಿಯರ ಮಂಡಳಿ ವಾರವಾರ ಕೂತು ಕುಡಿತ, ಜಗಳ, ನೃತ್ಯಗಳ ವಿಚಾರಣೆ ಮಾಡಿತು. ಇದಕ್ಕೆ ತೀರ ವಿರುದ್ಧ ತುದಿಯಲ್ಲಿ ಟಾಲ್‌ಸ್ಟಾಯ್, ತೀರ್ಪು ಮಾಡಬೇಡಿ ಎಂದರೆ ನ್ಯಾಯಾಲಯಗಳೇ ಬೇಡ ಎಂದರ್ಥ ಎಂದು 1880ರ ದಶಕದಲ್ಲಿ ವಾದಿಸಿದ. ನನಗೆ ಟಾಲ್‌ಸ್ಟಾಯ್ ಮೇಲೆ ಅಪಾರ ಗೌರವವಿದೆ, ಆದರೆ ಕೋರ್ಟು ಇಲ್ಲದ ಊರಿನಲ್ಲಿ ಗೌಡರ ಚಾವಡಿಯೇ ಕೋರ್ಟು ಆಗುತ್ತದೆಂಬುದನ್ನು ಉತ್ತರ ಕರ್ನಾಟಕದ ಹಳ್ಳಿಯಲ್ಲಿ ಬೆಳೆದವರು ಮರೆಯಲಾರರು.

ಬೆಟಗೇರಿಗೆ ಬಂದವರ ಸಂಗತಿಗೆ ಈಗ ಬರೋಣ. ಬಾಸೆಲ್ ಮಿಷನ್ 1815ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದಲ್ಲಿ ಹುಟ್ಟಿದರೂ ಅದರ ಪಾದ್ರಿಗಳಲ್ಲಿ ಬಹಳಷ್ಟು ಜನ ದಕ್ಷಿಣ ಜರ್ಮನಿಯ ವುರ್ಟೆಂಬೆರ್ಗಿನ ರೈತರ, ಕಸುಬುದಾರರ ಮಕ್ಕಳು. ಹೃದಯಶುದ್ಧಿ, ದಿನಚರಿಯ ಶಿಸ್ತು, ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವ ಭಕ್ತಿ ಅವರ ಉಸಿರು. ಆ ಆತ್ಮಪರೀಕ್ಷೆ ಒಳಗಷ್ಟೇ ಉಳಿಯಲಿಲ್ಲ. ಅಮೆರಿಕದ ಸಮಾಜಶಾಸ್ತ್ರಜ್ಞ ಜಾನ್ ಮಿಲ್ಲರ್ ಈ ಸಂಸ್ಥೆಯ ಆಡಳಿತದ ಬಗ್ಗೆ, ಮುಖ್ಯವಾಗಿ ಆಫ್ರಿಕಾದ ಗೋಲ್ಡ್ ಕೋಸ್ಟಿನ ದಾಖಲೆಗಳನ್ನಿಟ್ಟುಕೊಂಡು, 1994ರಲ್ಲಿ ಒಂದು ಪುಸ್ತಕ ಬರೆದರು. ಒಬ್ಬ ಪಾದ್ರಿ ಇನ್ನೊಬ್ಬನ ನಡತೆಯ ಮೇಲೆ ಕಣ್ಣಿಟ್ಟು ಬಾಸೆಲ್‌ಗೆ ವರದಿ ಬರೆಯುವುದನ್ನು ಸಂಸ್ಥೆಯೇ ಕರ್ತವ್ಯವಾಗಿಸಿದ್ದನ್ನು ಅವರು ತೋರಿಸಿದ್ದಾರೆ. ಮದುವೆಗೂ ಬಾಸೆಲ್‌ನ ಸಮಿತಿಯ ಒಪ್ಪಿಗೆ ಬೇಕಿತ್ತು. ಇಷ್ಟು ಬಿಗಿಯಲ್ಲಿ ಬೆಳೆದವರು ಕನ್ನಡದ ಸಭೆಗಳಿಗೂ ಅದೇ ಬಿಗಿ ತಂದರು. ಹಿರಿಯರ ಮಂಡಳಿ, ನಡತೆಯ ವಿಚಾರಣೆ, ಪ್ರಭುಭೋಜನದಿಂದ ದೂರವಿಡುವ ಶಿಕ್ಷೆ, ಕೊನೆಗೆ ಸಭೆಯಿಂದ ಹೊರಹಾಕುವುದು.

ಶಿಸ್ತೇ ತಪ್ಪೆಂದು ನಾನು ಹೇಳಲಾರೆ. ಕುಡಿತದಿಂದ ಮನೆ ಹಾಳಾಗುತ್ತಿದ್ದ ಹೆಣ್ಣುಮಗಳಿಗೆ ಸಭೆಯ ಶಿಸ್ತೇ ಬೆನ್ನಾಸರೆಯಾಗಿದ್ದಿರಬಹುದು. ತೊಂದರೆ ಇರುವುದು ಶಿಸ್ತನ್ನು ನಡೆಸುವವನ ಸ್ಥಾನದಲ್ಲಿ. ಸಭೆ ಸೇರಿದವನು ತನ್ನ ಜಾತಿಯಿಂದ ಹೊರಬಿದ್ದಿರುತ್ತಿದ್ದ. ಅವನಿಗೆ ಕೆಲಸ ಕೊಡುವವರು, ಮನೆ ಕೊಡುವವರು, ಮಕ್ಕಳಿಗೆ ಶಾಲೆ ನಡೆಸುವವರು, ಸತ್ತರೆ ಮಣ್ಣಿಗೆ ಜಾಗ ಕೊಡುವವರು ಮಿಷನ್ನಿನವರೇ. ಮಂಗಳೂರಿನ ಹಂಚಿನ ಮತ್ತು ನೇಯ್ಗೆಯ ಕಾರ್ಖಾನೆಗಳಲ್ಲಿ ಧಣಿಯೂ ಅವರೇ, ಗುರುವೂ ಅವರೇ. ಹೀಗೆ ಎಲ್ಲ ಹಗ್ಗಗಳೂ ಒಂದೇ ಕೈಯಲ್ಲಿದ್ದಾಗ ಆ ಕೈ ಮಾಡುವ ತೀರ್ಪು ಆತ್ಮದ ವಿಷಯವಾಗಿ ಉಳಿಯುವುದಿಲ್ಲ, ಹೊಟ್ಟೆಯ ವಿಷಯವೂ ಆಗುತ್ತದೆ. ಪೌಲನು ಕೊರಿಂಥಕ್ಕೆ ಪತ್ರ ಬರೆದಾಗ ಅವನ ಕೈಯಲ್ಲಿ ಯಾರ ನೌಕರಿಯೂ ಇರಲಿಲ್ಲ, ಅವನು ಡೇರೆ ಹೊಲಿದು ಬದುಕುತ್ತಿದ್ದ.

ಒಂದು ವಿಷಯದಲ್ಲಿ ಮಾತ್ರ ಮಿಷನ್ನಿನ ಕಠಿಣ ತೀರ್ಪು ಸರಿಯಾದ ಜಾಗಕ್ಕೆ ಬಿತ್ತು, ಅದು ಜಾತಿ. ಗಲಾತ್ಯದವರಿಗೆ ಬರೆದ ಪತ್ರದ ಎರಡನೆಯ ಅಧ್ಯಾಯದಲ್ಲಿ ಪೌಲ ಒಂದು ಘಟನೆ ಹೇಳುತ್ತಾನೆ. ಅಂತಿಯೋಕ್ಯದಲ್ಲಿ ಪೇತ್ರ ಯೆಹೂದ್ಯರಲ್ಲದವರ ಜೊತೆ ಕೂತು ಉಣ್ಣುತ್ತಿದ್ದ. ಯೆರೂಸಲೇಮಿನ ಕಡೆಯವರು ಬಂದೊಡನೆ ಹೆದರಿ ಪಂಕ್ತಿ ಬಿಟ್ಟು ಎದ್ದ. ಪೌಲ ಎಲ್ಲರೆದುರು ಅವನನ್ನು ತಡೆದು ಕೇಳಿದ, ಅದನ್ನು ಕಪಟವೆಂದೇ ಕರೆದ. ಹೊಸ ಒಡಂಬಡಿಕೆಯಲ್ಲಿ ಸಭೆಯ ದೊಡ್ಡವನೊಬ್ಬನಿಗೆ ಕಪಟದ ಆರೋಪ ಬರುವುದು ಸಹಪಂಕ್ತಿಯ ಕಾರಣಕ್ಕೆ ಎಂಬುದು ನಮ್ಮ ದೇಶದಲ್ಲಿ ಓದುವವರ ಮೈ ಜುಮ್ಮೆನ್ನಿಸಬೇಕು. ಮದರಾಸಿನಲ್ಲಿ 1850ರಲ್ಲಿ ನಡೆದ ಮಿಷನರಿಗಳ ಸಮಾವೇಶ, ಸಭೆಯಲ್ಲಿರುವವರು ಕೆಳಜಾತಿಯವರೆನ್ನಿಸಿಕೊಂಡವರ ಕೈಯ ಊಟ ಉಣ್ಣಲು ಸಿದ್ಧರಿರಬೇಕೆಂದು ನಿರ್ಣಯಿಸಿತು. ಬಾಸೆಲ್ ಮಿಷನ್ನೂ ಜಾತಿಯನ್ನು ಸಭೆಯೊಳಗೆ ಬಿಟ್ಟುಕೊಳ್ಳುವುದಕ್ಕೆ ಒಪ್ಪಲಿಲ್ಲ. ಕರಾವಳಿಯ ಕ್ಯಾಥೊಲಿಕರಲ್ಲಿ ಬಾಮಣ್, ಚಾರೊಡಿ ಎಂಬ ವಿಂಗಡಣೆ ಗೋವೆಯಿಂದ ಬಂದದ್ದು ಮದುವೆಯ ಮಾತುಕತೆಗಳಲ್ಲಿ ಬಹುಕಾಲ ಉಳಿಯಿತು. ಪ್ರೊಟೆಸ್ಟಂಟ್ ಸಭೆಗಳಲ್ಲಿಯೂ ನಿರ್ಣಯ ಕಾಗದದ ಮೇಲೆ ಗೆದ್ದಷ್ಟು ಮನೆಗಳಲ್ಲಿ ಗೆಲ್ಲಲಿಲ್ಲ. ದಲಿತ ಕ್ರೈಸ್ತರು ಎಷ್ಟೋ ಕಡೆ ಇಂದಿಗೂ ಅದೇ ಅಂತಿಯೋಕ್ಯದ ಪಂಕ್ತಿಯಲ್ಲಿ ಕೂತು, ಎದ್ದುಹೋದವರ ಎಲೆ ನೋಡುತ್ತಿದ್ದಾರೆ. ಹಾಗೆ ಎದ್ದುಹೋದವರನ್ನು ಪ್ರಶ್ನಿಸಿದವರಿಗೆ, ತೀರ್ಪು ಮಾಡಬೇಡ ಎಂದು ಸತ್ಯವೇದ ಹೇಳಿಲ್ಲವೇ ಎಂಬ ಉತ್ತರ ಸಿಗುತ್ತದೆ.

ಒಳಗಿನ ಉದ್ದೇಶವನ್ನು ಅಳೆಯುವ ಚಾಳಿ ಎಷ್ಟು ಕ್ರೂರವಾಗಬಹುದು ಎಂಬುದಕ್ಕೆ ಬರಗಾಲಗಳು ಸಾಕ್ಷಿ. 1876ರಿಂದ 1878ರ ತನಕದ ಮಹಾ ಬರದಲ್ಲಿ ಧಾರವಾಡ, ಬಿಜಾಪುರ, ಬಳ್ಳಾರಿ ಸೀಮೆಗಳು ಬೆಂದುಹೋದವು. ತಂದೆತಾಯಿ ಸತ್ತ ಮಕ್ಕಳು ಮಿಷನ್ನಿನ ಆಶ್ರಯಕ್ಕೆ ಬಂದರು. ಬರದಲ್ಲಿ ಸಭೆ ಸೇರಿದವರನ್ನು ಗಂಜಿಗಾಗಿ ಧರ್ಮ ಬಿಟ್ಟವರೆಂದು ಹಂಗಿಸುವ ಮಾತು ಆಗಲೇ ಹುಟ್ಟಿತ್ತು, ಇನ್ನೂ ಸತ್ತಿಲ್ಲ. ಹಸಿದವನಿಗೆ ಅನ್ನ ಕೊಟ್ಟವನ ಮೇಲೆ ನಂಬಿಕೆ ಹುಟ್ಟುವುದು ಯಾವ ಲೆಕ್ಕದಲ್ಲಿ ಕಪಟ? ಬೆಟಗೇರಿಯಲ್ಲಿ 1902ರಲ್ಲಿ ಆರಂಭವಾದ, ಜನ ಜರ್ಮನ್ ಆಸ್ಪತ್ರೆ ಎಂದು ಕರೆದ ಮಿಷನ್ ಆಸ್ಪತ್ರೆಯಲ್ಲಿ ಮಗು ಉಳಿದ ತಾಯಿಯೊಬ್ಬಳು ಆ ದೇವರಿಗೆ ಕೈಮುಗಿದಿದ್ದರೆ ಅದನ್ನು ಆಮಿಷವೆನ್ನಬೇಕೇ, ಕೃತಜ್ಞತೆ ಎನ್ನಬೇಕೇ, ನಂಬಿಕೆ ಎನ್ನಬೇಕೇ? ಮೂರೂ ಒಂದರೊಳಗೊಂದು ಹೆಣೆದುಕೊಂಡಿರುತ್ತವೆ, ಅವಳಿಗೇ ಬಿಡಿಸಿ ಹೇಳಲು ಬರಲಿಕ್ಕಿಲ್ಲ. ಹಾಗೆಯೇ, ಆಸ್ಪತ್ರೆಯಲ್ಲಿ ರಾತ್ರಿ ಹಗಲು ದುಡಿದ ದಾದಿಯರ ಸೇವೆಯನ್ನೆಲ್ಲ ಮತಾಂತರದ ಹೂಟವೆಂದು ತಳ್ಳಿಹಾಕುವುದೂ ಅದೇ ತಪ್ಪು.

ಈಗ ಈ ಅಳತೆಯ ಕೆಲಸವನ್ನು ಸರಕಾರವೂ ಕೈಗೆತ್ತಿಕೊಂಡಿದೆ. ಕರ್ನಾಟಕದ 2022ರ ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣಾ ಕಾಯ್ದೆಯ ಪ್ರಕಾರ ಮತಾಂತರ ಬಯಸುವವರು 30 ದಿನ ಮೊದಲೇ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು. ಆಕ್ಷೇಪ ಬಂದರೆ ಕಂದಾಯ ಇಲಾಖೆ ಅಥವಾ ಸಮಾಜ ಕಲ್ಯಾಣ ಇಲಾಖೆಯ ಅಧಿಕಾರಿಗಳಿಂದ ಆ ಮತಾಂತರದ ನಿಜವಾದ ಉದ್ದೇಶದ ವಿಚಾರಣೆ ನಡೆಯಬೇಕು. ಕಾಯ್ದೆಯನ್ನು ರದ್ದು ಮಾಡಲು ರಾಜ್ಯ ಸಚಿವ ಸಂಪುಟ 2023ರ ಜೂನ್‌ನಲ್ಲಿ ತೀರ್ಮಾನಿಸಿತು. ಬಲವಂತ ಮತ್ತು ಮೋಸ ಕೃತ್ಯಗಳು, ಅವಕ್ಕೆ ಸಾಕ್ಷಿ ಇರುತ್ತದೆ, ಕೋರ್ಟು ತೂಗಬಹುದು. ಆದರೆ ನಂಬಿಕೆಯ ಉದ್ದೇಶಕ್ಕೆ ಪಂಚನಾಮೆ ಮಾಡುವುದು ಯಾವ ಸಿರಸ್ತೇದಾರರಿಗೂ ಸಾಧ್ಯವಿಲ್ಲ. ಮಲ್ಲಸಮುದ್ರದ ಪಾದ್ರಿಗಳು ಆ ಕೆಲಸದಲ್ಲಿ ಸೋತಿದ್ದರು, ಅವರಿಗೆ ಕನಿಷ್ಠ ಆ ಜನರೊಡನೆ ಒಡನಾಟವಾದರೂ ಇತ್ತು.

ಹೊರಗಿನವರಿಗೆ ತೀರ್ಪು ಮಾಡುವುದು ನನ್ನ ಕೆಲಸವಲ್ಲ ಎಂಬ ಪೌಲನ ಮಾತನ್ನು ತಿರುಗು ಮುರುಗು ಮಾಡಲಾಯಿತು ಎಂದು ಮೇಲೆ ಹೇಳಿದೆ. ಮಿಷನ್ನಿನ ಆರಂಭದ ಕನ್ನಡ ಕಿರುಹೊತ್ತಗೆಗಳೇ ಅದಕ್ಕೆ ನಿದರ್ಶನ. ಜಾತಿವಿಚಾರಣೆ, ದೇವವಿಚಾರಣೆ ಎಂಬ ಹೆಸರುಗಳಲ್ಲೇ ಕಟಕಟೆಯ ಧ್ವನಿ ಇದೆ. ಜಾತ್ರೆಗಳಲ್ಲಿ ನಿಂತು ಪೂಜಾರಿ, ಜಂಗಮ, ಫಕೀರರನ್ನು ಕಪಟಿಗಳೆಂದು ಸಾರುವುದು ಬೋಧನೆಯ ಭಾಗವಾಯಿತು. ಪರಧರ್ಮ ವಿಚಾರಣೆ ಕನ್ನಡಕ್ಕೆ ಹೊಸತೇನೂ ಅಲ್ಲ. ಹನ್ನೆರಡನೆಯ ಶತಮಾನದ ಬ್ರಹ್ಮಶಿವ ಸಮಯಪರೀಕ್ಷೆಯಲ್ಲಿ ಜೈನೇತರ ಮತಗಳನ್ನೆಲ್ಲ ಹರಿದು ಹಾಕಿದ್ದಾನೆ. ಆದರೆ ಪರ್ವತ ಪ್ರಸಂಗ ಓದಿ ಬಂದವರಿಂದ ಬೇರೆಯದನ್ನು ಬಯಸುವ ಹಕ್ಕು ನಮಗಿದೆ. ಮತ್ತಾಯನ 23ನೆಯ ಅಧ್ಯಾಯದಲ್ಲಿ ಯೇಸು ಫರಿಸಾಯರನ್ನು ಕಪಟಿಗಳೆಂದು ಮತ್ತೆ ಮತ್ತೆ ಕರೆದಾಗ ಅವನು ತನ್ನ ಸ್ವಂತ ಜನರ ಗುರುಗಳೊಡನೆ, ತನ್ನ ಸ್ವಂತ ಮಂದಿರದ ಅಂಗಳದಲ್ಲಿ ನಿಂತು ವಾದಿಸುತ್ತಿದ್ದ. ಅದೇ ಮಾತನ್ನು ಹೊರಗಿನವರು ಎತ್ತಿಕೊಂಡು ಯೆಹೂದ್ಯರೆಲ್ಲರ ಮೇಲೆ ಬೀಸಿದಾಗ ಯೂರೋಪಿನಲ್ಲಿ ಏನಾಯಿತೆಂದು ಲೋಕಕ್ಕೆ ಗೊತ್ತಿದೆ. ಕಪಟವನ್ನು ಖಂಡಿಸುವ ಅಧಿಕಾರ ಆ ಮನೆಯ ಒಳಗೆ ಬೆಲೆ ತೆತ್ತು ನಿಂತವರಿಗೆ ಹೆಚ್ಚು ಸಲ್ಲುತ್ತದೆ. ಲೋಕವನ್ನು ತಿದ್ದಹೊರಟವರಿಗೆ ಮೊದಲು ತಮ್ಮತ್ತ ನೋಡಿಕೊಳ್ಳಲು ಹೇಳಿದ ಬಸವಣ್ಣನವರೂ ತಾವು ಹುಟ್ಟಿದ ಕುಲದ ಡಂಭವನ್ನೇ ಮೊದಲು ಬಿಟ್ಟು ಬಂದವರು.

ವಿಶೇಷವೆಂದರೆ, ತೀರ್ಪು ಹೇಳಬಂದ ಈ ಪಾದ್ರಿಗಳೇ ಕನ್ನಡವನ್ನು ಕಲಿಯುತ್ತ ಕಲಿಯುತ್ತ ಮೆತ್ತಗಾದರು. ಮಂಗಳೂರ ಸಮಾಚಾರವನ್ನು 1843ರಲ್ಲಿ ಹೊರತಂದ ಹೆರ್ಮನ್ ಮೋಗ್ಲಿಂಗ್ 1848ರಿಂದ ಬಸವಪುರಾಣ, ಜೈಮಿನಿ ಭಾರತ, ದಾಸರ ಪದಗಳನ್ನು ಕಲ್ಲಚ್ಚಿನಲ್ಲಿ ಮುದ್ರಿಸಿದ. ಯಾವ ನಂಬಿಕೆಯನ್ನು ಸುಳ್ಳೆನ್ನುತ್ತಿದ್ದನೋ ಅದರ ಗ್ರಂಥಗಳು ಅಳಿಯಬಾರದೆಂದು ಅವನಿಗೆ ಅನ್ನಿಸಿತು. 1853ರಲ್ಲಿ ಬಂದ ಫರ್ಡಿನಾಂಡ್ ಕಿಟೆಲ್ ಧಾರವಾಡ ಸೀಮೆಯ ಜನರ ನಡುವೆ ಅವರಂತೆಯೇ ಇರಲು ಹವಣಿಸಿ, ಅದಕ್ಕಾಗಿ ಜೊತೆಗಾರರ ಅಸಮಾಧಾನಕ್ಕೆ ಗುರಿಯಾದ. ನಿಘಂಟು ಅಚ್ಚಾಗಿ ಬಂದದ್ದು 1894ರಲ್ಲಿ. ಒಂದು ಜನದ ಒಂದೊಂದು ನುಡಿಯನ್ನೂ ಕೂಡಿಹಾಕುತ್ತ ವರ್ಷಗಟ್ಟಲೆ ಕೂತವನಿಗೆ ಆ ಜನರನ್ನು ಒಂದೇ ಮಾತಿನಲ್ಲಿ ತಳ್ಳಿಹಾಕುವುದು ಸುಲಭವಾಗಿ ಉಳಿದಿರಲಾರದು.

ಈ ದಾರಿಯನ್ನು ಅದರ ತುದಿಯ ತನಕ ನಡೆದವರು ಉತ್ತಂಗಿ ಚನ್ನಪ್ಪನವರು. ಮುಂಡರಗಿ ತಾಲೂಕಿನ ಅಂಚಿನಲ್ಲಿ ತುಂಗಭದ್ರೆಯನ್ನು ದಾಟಿದರೆ ಹೂವಿನಹಡಗಲಿ ಸೀಮೆ. ಅಲ್ಲಿನ ಉತ್ತಂಗಿ ಇವರ ಮನೆತನದ ಊರು. 1881ರಲ್ಲಿ ಧಾರವಾಡದಲ್ಲಿ ಹುಟ್ಟಿ, ಬಾಸೆಲ್ ಮಿಷನ್ನಿನ ಸಭಾಪಾಲಕರಾಗಿ ಬಾಳಿದರು. ಸಭಾಪಾಲಕರಿಗೆ ಊರೂರು ತಿರುಗುವ ಕೆಲಸ. ಆ ತಿರುಗಾಟದಲ್ಲಿ ಅವರು ತಮ್ಮ ಬೋಧೆಯನ್ನು ಕೊಟ್ಟುದರ ಜೊತೆಗೆ ಜನರ ಬಾಯಲ್ಲಿದ್ದ, ಓಲೆಗರಿಗಳಲ್ಲಿದ್ದ ಸರ್ವಜ್ಞನ ತ್ರಿಪದಿಗಳನ್ನು ಕೂಡಿಸಿಕೊಂಡು ಬಂದರು. 1924ರಲ್ಲಿ ಸರ್ವಜ್ಞನ ವಚನಗಳು ಅವರ ಸಂಪಾದನೆಯಲ್ಲಿ ಹೊರಬಂತು. ಇವತ್ತು ಕನ್ನಡಿಗರ ನಾಲಗೆಯ ಮೇಲಿರುವ ಸರ್ವಜ್ಞ ಬಹುಮಟ್ಟಿಗೆ ಈ ಪಾದ್ರಿ ಕೂಡಿಸಿಕೊಟ್ಟ ಸರ್ವಜ್ಞ. ಡಾಂಭಿಕ ಭಕ್ತಿಯನ್ನು ಅಷ್ಟು ನಿಷ್ಠುರವಾಗಿ ಬಯಲಿಗೆಳೆದ ಕವಿ ಇನ್ನೊಬ್ಬನಿಲ್ಲ. ಪರ್ವತ ಪ್ರಸಂಗದ ಓದುಗನೊಬ್ಬ ಅವನಲ್ಲಿ ತನ್ನವನನ್ನು ಕಂಡದ್ದು ಸಹಜ.

ಉತ್ತಂಗಿಯವರು 1921ರಲ್ಲಿ ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ ಎಂಬ ಪುಸ್ತಕ ಬರೆದರು. ಜಾತಿವಿಚಾರಣೆ, ದೇವವಿಚಾರಣೆಗಳ ಕಾಲ ಹೋಗಿ ವಿನಂತಿಯ ಕಾಲ ಬಂದದ್ದನ್ನು ಗಮನಿಸಬೇಕು. ಕ್ರಿಸ್ತನನ್ನು ಅವರು ಬಿಡಲಿಲ್ಲ, ಅವನ ಮೇಲಿನ ಪ್ರೀತಿಯನ್ನು ಮುಚ್ಚಿಡಲಿಲ್ಲ. ಹಿಂದೂ ಮನಸ್ಸನ್ನು ಆರೋಪಿಯ ಜಾಗದಲ್ಲಿ ನಿಲ್ಲಿಸದೆ ಮಾತಾಡಲು ಬರುತ್ತದೆ ಎಂದು ತೋರಿಸಿದರು. ಮುಂದೆ ಅವರ ಶ್ರಮ ಶರಣರ ಕಡೆಗೆ ಹೊರಳಿತು. ಅನುಭವ ಮಂಟಪ ಎಂಬುದು ನಿಜಕ್ಕೂ ಇತ್ತೇ ಎಂಬ ಸಂಶಯ ವಿದ್ವಾಂಸರಲ್ಲಿ ಎದ್ದಾಗ, ಇತ್ತು ಎಂದು ಆಧಾರಗಳನ್ನು ಕೂಡಿಸಿ ವಾದಿಸಿದವರಲ್ಲಿ ಈ ಕ್ರೈಸ್ತ ಗುರು ಮುಂದಿನ ಸಾಲಿನವರು. ಅನುಭವ ಮಂಟಪದ ಐತಿಹಾಸಿಕತೆ 1951ರಲ್ಲಿ ಬಂತು. ಅದಕ್ಕೆ ಎರಡು ವರ್ಷ ಮೊದಲು, 1949ರಲ್ಲಿ, ಕಲಬುರಗಿಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ನಾಡು ಅವರನ್ನು ಅಧ್ಯಕ್ಷರನ್ನಾಗಿ ಮಾಡಿತ್ತು. 1962ರಲ್ಲಿ ಅವರು ತೀರಿಕೊಂಡರು.

ಇಂಥವರನ್ನು ಎರಡೂ ಕಡೆಯವರು ಅನುಮಾನಿಸುತ್ತಾರೆ. ಸಭೆಯವರಿಗೆ ಇವರ ಕ್ರೈಸ್ತತನ ಸಾಲದೆನ್ನಿಸುತ್ತದೆ, ಹೊರಗಿನವರಿಗೆ ಇವರ ಬಸವಪ್ರೇಮದ ಹಿಂದೆ ಏನೋ ಇದೆಯೆನ್ನಿಸುತ್ತದೆ. ಉತ್ತಂಗಿಯವರ ಹೃದಯವನ್ನು ನಾನೂ ತೆರೆದು ನೋಡಿಲ್ಲ. ಫಲದಿಂದ ಮರವನ್ನು ತಿಳಿಯಿರಿ ಎಂಬ ಮಾತಿನಂತೆ ಅವರು ಮಾಡಿಟ್ಟ ಕೆಲಸ ಕಪಾಟಿನಲ್ಲಿದೆ, ಓದಬಹುದು. ಗದುಗಿನ ಭಾಗದಲ್ಲಿ ಕ್ರೈಸ್ತರಾಗಿ ಬೆಳೆಯುವ ಮಕ್ಕಳಿಗೆ ಅವರ ಹೆಸರನ್ನು ಸಂಡೇ ಸ್ಕೂಲಿನಲ್ಲಿ ಹೇಳಿಕೊಡಬೇಕೆಂದು ನನ್ನ ಆಸೆ.

ಇಷ್ಟು ಹೇಳಿದ ಮೇಲೆ ಈ ಬೋಧೆಯ ಅತಿ ಕೆಟ್ಟ ಬಳಕೆಯನ್ನು ಹೇಳದೆ ಬಿಡಲಾಗದು. ಸಭೆಯ ಹಣ, ಆಸ್ತಿಯ ಲೆಕ್ಕ ಕೇಳಿದವರಿಗೆ, ಗುರುವಿನ ಕೈ ಮೈಮೇಲೆ ಬಿದ್ದಾಗ ಕೂಗಿದ ಹುಡುಗಿಗೆ, ಹೊಡೆಯುವ ಗಂಡನ ಬಗ್ಗೆ ಹೇಳಿಕೊಂಡ ಹೆಂಡತಿಗೆ, ತೀರ್ಪು ಮಾಡಬೇಡಮ್ಮ, ನಿನ್ನ ಕಣ್ಣಿನ ತೊಲೆ ನೋಡಿಕೋ ಎಂದು ಹಿರಿಯರು ಹೇಳಿ ಕಳಿಸುತ್ತಾರೆ. ಬಾಸ್ಟನ್ನಿನ ಪತ್ರಿಕೆಯೊಂದು 2002ರಲ್ಲಿ ಅಲ್ಲಿನ ಕ್ಯಾಥೊಲಿಕ್ ಗುರುಗಳ ಲೈಂಗಿಕ ದೌರ್ಜನ್ಯವನ್ನೂ ಅದನ್ನು ಮೇಲಿನವರು ಮುಚ್ಚಿಟ್ಟದ್ದನ್ನೂ ದಾಖಲೆ ಸಮೇತ ಬರೆದ ಮೇಲೆ, ಇಂಥ ಮೌನ ಎಷ್ಟು ದೇಶಗಳಲ್ಲಿ ಎಷ್ಟು ಕಾಲದಿಂದ ನಡೆದಿತ್ತೆಂದು ಹೊರಬಂತು. ಪ್ರೊಟೆಸ್ಟಂಟರು ಇದರಿಂದ ಹೊರಗಿಲ್ಲ.

ಸತ್ಯವೇದದಲ್ಲಿ ಇದಕ್ಕೆ ಆಧಾರವಿಲ್ಲ. ಊರೀಯನ ಹೆಂಡತಿಯನ್ನು ತೆಗೆದುಕೊಂಡು ಅವನನ್ನು ಯುದ್ಧದಲ್ಲಿ ಕೊಲ್ಲಿಸಿದ ದಾವೀದ ಅರಸನ ಎದುರು ಪ್ರವಾದಿ ನಾತಾನ ನಿಂತು, ಬಡವನ ಒಂದೇ ಕುರಿಮರಿಯನ್ನು ಕಸಿದ ಶ್ರೀಮಂತನ ಕಥೆ ಹೇಳಿ, ಆ ಮನುಷ್ಯ ನೀನೇ ಎಂದ. ಅಲ್ಲಿ ಯಾರೂ ನಾತಾನನ ಕಣ್ಣಿನ ತೊಲೆಯನ್ನು ವಿಚಾರಿಸಲಿಲ್ಲ. ಯೋಹಾನನ ಸುವಾರ್ತೆಯ ಎಂಟನೆಯ ಅಧ್ಯಾಯದಲ್ಲಿ ವ್ಯಭಿಚಾರದ ಆರೋಪ ಹೊತ್ತ ಹೆಂಗಸನ್ನು ಎಳೆದು ತಂದ ಗಂಡಸರ ಕೈಯಲ್ಲಿ ಕಲ್ಲುಗಳಿದ್ದವು, ಜೊತೆಗೆ ಸಿಕ್ಕಿಬಿದ್ದ ಗಂಡಸನ್ನು ಅವರು ತಂದಿರಲಿಲ್ಲ. ಪಾಪವಿಲ್ಲದವನು ಮೊದಲ ಕಲ್ಲು ಎಸೆಯಲಿ ಎಂಬ ಅರ್ಥದ ಮಾತನ್ನು ಯೇಸು ಹೇಳಿದ್ದು ಕಲ್ಲು ಹಿಡಿದವರಿಗೆ. ಅದನ್ನು ಏಟು ತಿಂದವರ ಬಾಯಿ ಮುಚ್ಚಿಸಲು ಬಳಸುವವರು ಪುಸ್ತಕವನ್ನು ತಲೆಕೆಳಗಾಗಿ ಹಿಡಿದಿದ್ದಾರೆ. ಕಣ್ಣಿನ ತೊಲೆಯ ಮಾತನ್ನು ಮೊದಲು ಕೇಳಿಸಿಕೊಳ್ಳಬೇಕಾದವರು ಕುರ್ಚಿಯಲ್ಲಿ ಕೂತವರು.

ಮತ್ತಾಯನ 18ನೆಯ ಅಧ್ಯಾಯ ಒಂದು ಕ್ರಮವನ್ನೂ ಹೇಳಿಕೊಡುತ್ತದೆ. ತಪ್ಪು ಮಾಡಿದವನ ಹತ್ತಿರ ಮೊದಲು ಒಬ್ಬನೇ ಹೋಗು, ಕೇಳದಿದ್ದರೆ ಒಬ್ಬಿಬ್ಬರನ್ನು ಸಾಕ್ಷಿಗೆ ಕರೆದುಕೊಂಡು ಹೋಗು, ಆಗಲೂ ಕೇಳದಿದ್ದರೆ ಸಭೆಯ ಮುಂದಿಡು. ಸಮಾನರ ನಡುವಿನ ಜಗಳಕ್ಕೆ ಇದು ಎಷ್ಟು ಒಳ್ಳೆಯ ದಾರಿಯೋ, ಅಧಿಕಾರ ಇರುವವನಿಂದ ನೊಂದವಳಿಗೆ ಅಷ್ಟೇ ಅಪಾಯದ ದಾರಿ. ಅವನ ಕೋಣೆಗೆ ಒಬ್ಬಳೇ ಹೋಗು ಎಂದು ಅವಳಿಗೆ ಹೇಳಲಾಗದು. ಅದಕ್ಕೆಂದೇ ದೇಶದಲ್ಲಿ 2013ರ ಕಾಯ್ದೆ ಇದೆ. ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಲೈಂಗಿಕ ಕಿರುಕುಳದ ದೂರು ಕೇಳಲು ಆಂತರಿಕ ಸಮಿತಿ ಇರಬೇಕು, ಅದರ ನೇಮಕದ ಆದೇಶವನ್ನು ಎಲ್ಲರಿಗೂ ಕಾಣುವ ಜಾಗದಲ್ಲಿ ಹಚ್ಚಿರಬೇಕು. ಶಾಲೆ, ಆಸ್ಪತ್ರೆ, ಹಾಸ್ಟೆಲು ನಡೆಸುವ ಸಭೆಗಳಿಗೂ ಇದು ಅನ್ವಯಿಸುತ್ತದೆ. ಆ ಹಾಳೆ ನಮ್ಮ ಗೋಡೆಯ ಮೇಲೆ ಇದೆಯೇ, ಅದರಲ್ಲಿರುವ ಹೆಸರುಗಳು ಈಗಲೂ ಸರಿ ಇವೆಯೇ ಎಂದು ಮುಂದಿನ ವಾರ್ಷಿಕ ಸಭೆಯಲ್ಲಿ ಯಾರಾದರೂ ಎದ್ದು ಕೇಳಲಿ. ಕೇಳಿದವರನ್ನು ತೀರ್ಪುಗಾರರೆಂದು ಕೂಡಿಸದೆ ಹಿರಿಯರು ಉತ್ತರ ಕೊಡಲಿ.